ಕೈಗೆ ಕೊಡದ ಅಡಕತ್ತರಿ

ನಮ್ಮ ಬಸ್ಸಿನ ಕಂಡಕ್ಟರ್ ಶಿವಮಲ್ಲಪ್ಪನವರಿಗೆ ನನ್ನನ್ನು ಕಂಡರೆ ದಿನವೂ ಒಂದೇ ತಮಾಷೆ. ನಾನು ಹತ್ತುತ್ತಿದ್ದಂತೆ ಎರಡೂ ಕೈ ಅಗಲಿಸಿಕೊಂಡು ನಿಂತುಬಿಡುತ್ತಾರೆ, ಬೇಕಾದರೆ ತಡಕಿ ನೋಡಿ ಅನ್ನುವ ಹಾಗೆ. ಹಿಂದಿನ ಸೀಟಿನವರು ನಗುತ್ತಾರೆ. ತಿ. ನರಸೀಪುರದಿಂದ ನಂಜನಗೂಡಿಗೆ ಹೋಗುವ ಬೆಳಗಿನ ಆ ಬಸ್ಸಿನಲ್ಲಿ ಕುಡುಗೋಲು ಇರುತ್ತದೆ, ಕಬ್ಬು ಕಡಿಯುವ ಮಚ್ಚು ಇರುತ್ತದೆ, ಪಂಪ್‌ಸೆಟ್ಟಿನ ಡೀಸೆಲ್ ಕ್ಯಾನು ಇರುತ್ತದೆ. ಖಾಲಿ ಅಂತ ಆಣೆ ಮಾಡಿ ಹತ್ತಿಸಿದ ತುಂಬಿದ ಗ್ಯಾಸ್ ಸಿಲಿಂಡರಿನ ಮೇಲೆ ಅಜ್ಜಿಯರು ಆರಾಮಾಗಿ ಕೂತು ಹೋಗಿದ್ದನ್ನೂ ನೋಡಿದ್ದೇನೆ. ಅಲ್ಲಿ ತಪಾಸಣೆ ಅಂತ ಇರುವುದು ಒಂದೇ. ಹೆಂಗಸರು ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ತೋರಿಸಬೇಕು. ಕಾರ್ಡಿನ ಮುಖ ನೋಡುತ್ತಾರೆಯೇ ಹೊರತು ಚೀಲದಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ.

ನಂಜನಗೂಡಿನಲ್ಲಿ ಇಳಿದು ಮೈಸೂರಿನ ಬಸ್ಸು ಹಿಡಿದು ವಿಮಾನ ನಿಲ್ದಾಣದ ಗೇಟಿನ ಮುಂದೆ ಇಳಿದರೆ ಲೋಕವೇ ಬೇರೆ. ಅಲ್ಲಿ ನಾನು ಭದ್ರತಾ ಸಿಬ್ಬಂದಿ, ಹೆಂಗಸರ ಸಾಲಿನವಳು. ಪರದೆ ಕಟ್ಟಿದ ಸಣ್ಣ ಗೂಡಿನೊಳಗೆ ನಿಂತು, ವಿಮಾನ ಹತ್ತುವ ಹೆಂಗಸರ ಮೈಮೇಲೆ ಕೈ ಮೆಷಿನ್ ಆಡಿಸಿ, ಆಮೇಲೆ ಕೈಯಿಂದಲೂ ಸವರಿ ನೋಡುವುದು ನನ್ನ ಕೆಲಸ. ಉಗುರು ಕತ್ತರಿ, ಲೈಟರು, ಅಮ್ಮ ಮಗಳಿಗೆ ಕಟ್ಟಿಕೊಟ್ಟ ಉಪ್ಪಿನಕಾಯಿ ಡಬ್ಬಿ ಎಲ್ಲದಕ್ಕೂ ಅಲ್ಲಿ ರೂಲ್ಸ್ ಇದೆ.

ಈ ಕೆಲಸ ಸಿಕ್ಕಿದ ಹೊಸದರಲ್ಲಿ ನಮ್ಮವ್ವ ಮಹದೇವಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು. 'ಬಸ್ಸಲ್ಲೋಗೋರ ಜೀವ ಜೀವ ಅಲ್ವೇನವ್ವಾ?'

ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದನ್ನು ನಾನು ಒಪ್ಪಿಸಿದೆ. ಬಸ್ಸನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಬಹುದು, ಆಕಾಶದಲ್ಲಿ ಒಬ್ಬ ತಲೆಕೆಟ್ಟವನು ಏನಾದರೂ ಮಾಡಿದರೆ ಯಾರೂ ಇಳಿದು ಓಡುವ ಹಾಗಿಲ್ಲ ಅಂದೆ. ಅವ್ವ ಎಲೆಯ ತೊಟ್ಟು ಮುರಿಯುತ್ತಾ ನಕ್ಕಳು. ಇಳಿಯೋಕಾಗುತ್ತದೆ ಅಂತ ಬಸ್ಸಿನವರನ್ನು ಸಾಯೋಕೆ ಬಿಟ್ಟುಬಿಡುತ್ತಾರಾ ಅಂತ ಕೇಳಿ, ಅಡಕತ್ತರಿಯಲ್ಲಿ ಕಟಕ್ ಅಂತ ಅಡಿಕೆ ಒಡೆದಳು. ಅವಳ ಮುಂದೆ ನನ್ನ ಟ್ರೈನಿಂಗು ಯಾವತ್ತೂ ನಿಲ್ಲಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಆ ಕೆಲಸ ಇಷ್ಟವಾದದ್ದು ಬೇರೆ ಕಾರಣಕ್ಕೆ. ಅಲ್ಲಿ ಎಲ್ಲರೂ ಕೈ ಅಗಲಿಸಬೇಕು. ದೊಡ್ಡ ಕಾರಿನಲ್ಲಿ ಬಂದವಳೂ ಅಷ್ಟೆ, ಮಗನ ಮನೆಗೆ ಮೊದಲ ಸಲ ಹೊರಟ ಹೂ ಮಾರುವವಳೂ ಅಷ್ಟೆ. ಮೆಷಿನ್ನಿಗೆ ಯಾರ ಬೀದಿ ಯಾವುದು ಅಂತ ಗೊತ್ತಾಗುವುದಿಲ್ಲ. ನಮ್ಮ ಊರಿನಲ್ಲೂ ಒಂದು ತಪಾಸಣೆ ಇತ್ತು. ಅದಕ್ಕೆ ಮೆಷಿನ್ ಬೇಕಿರಲಿಲ್ಲ, ಹೊಸ್ತಿಲು ಸಾಕಾಗಿತ್ತು. ನಮ್ಮಪ್ಪ ನಾಗಯ್ಯ ಬೌದ್ಧ ದೀಕ್ಷೆ ತಗೊಂಡು ನನಗೆ ಸಂಘಮಿತ್ರಾ ಅಂತ ಹೆಸರಿಟ್ಟರೂ, ಮೇಲಿನ ಕೇರಿಯ ಹೊಸ್ತಿಲುಗಳು ನನ್ನನ್ನು ಹಳೇ ಹೆಸರಿನಲ್ಲೇ ಗುರುತು ಹಿಡಿಯುತ್ತಿದ್ದವು.

ಅವ್ವ ನಲವತ್ತು ವರ್ಷ ಚಾಮುಂಡಮ್ಮನವರ ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ದುಡಿದವಳು. ಮೇಲಿನ ಕೇರಿಯ ದೊಡ್ಡ ಒಕ್ಕಲು ಮನೆ ಅದು. ಅವ್ವನ ಲೋಟ ಕೊಟ್ಟಿಗೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ನನಗೆ ಏಳು ವರ್ಷವಿದ್ದಾಗ ಒಂದು ಯುಗಾದಿಯಲ್ಲಿ ಅವ್ವನ ಹಿಂದೆ ಹೋಗಿದ್ದೆ. ಚಾಮುಂಡಮ್ಮ ಜಗಲಿಯ ಮೇಲಿಂದ ನನ್ನ ಕೈಗೆ ಒಬ್ಬಟ್ಟು ಹಾಕಿದಳು. ಕೊಡಲಿಲ್ಲ, ಹಾಕಿದಳು. ಅದು ನನ್ನ ಬೊಗಸೆ ತಪ್ಪಿ ಸಗಣಿಯ ಮೇಲೆ ಬಿತ್ತು. ಇನ್ನೊಂದು ತರುತ್ತೇನೆ ಅಂತ ಅವಳು ಒಳಗೆ ಹೋದಳು. ನಾನು ಕಾಯದೆ ಓಡಿಬಂದೆ. ಇಪ್ಪತ್ತೈದು ವರ್ಷವಾದರೂ ಒಬ್ಬಟ್ಟು ಕಂಡರೆ ನನಗೆ ಸಗಣಿ ನೆನಪಾಗುತ್ತದೆ. ಸಿಟ್ಟು ಇಟ್ಟುಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ.

ಎಂಟು ತಿಂಗಳ ಹಿಂದೆ ಅವ್ವ ಹೋದಳು. ಕಿಡ್ನಿ ಕೈಕೊಟ್ಟು, ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಹೋದಳು. ಅಪ್ಪ ಮೊದಲೇ ಹೋಗಿದ್ದ. ಮಣ್ಣಿಗೆ ಒಯ್ಯುವಾಗ ಚಾಮುಂಡಮ್ಮ ರಾಗಿ ಮಿಲ್ಲಿನ ತಿರುವಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದನ್ನು ಕಂಡೆ. ನಮ್ಮ ಬಾಗಿಲಿಗೆ ಬರಲಿಲ್ಲ. ನಲವತ್ತು ವರ್ಷ ದುಡಿಸಿಕೊಂಡವಳಿಗೆ ನಲವತ್ತು ಹೆಜ್ಜೆ ಭಾರವಾಯಿತಲ್ಲ ಅಂತ ನಾನು ಹಲ್ಲು ಕಡಿದುಕೊಂಡೆ.

ಆಸ್ಪತ್ರೆಯಿಂದ ತಂದ ಅವ್ವನ ಗಂಟು ಬಿಚ್ಚಿದಾಗ ಎಲೆ ಅಡಿಕೆಯ ಸಂಚಿ ಇತ್ತು, ಅಡಕತ್ತರಿ ಇರಲಿಲ್ಲ. ಅದರ ಒಂದು ಹಿಡಿ ಎಂದೋ ಮುರಿದು, ಅಪ್ಪ ಸುಟ್ಟ ಮೋಟಾರಿನ ತಾಮ್ರದ ತಂತಿ ಸುತ್ತಿ ಕೊಟ್ಟಿದ್ದ. ಅಟ್ಟ, ಮಂಚದ ಕೆಳಗೆ, ಸೌದೆಯ ಮೂಲೆ, ಎಲ್ಲ ಹುಡುಕಿದೆ. ಕಟಕ್ ಅನ್ನುವ ಆ ಸದ್ದೇ ನಮ್ಮ ಎರಡು ಕೋಣೆಯ ಮನೆಯ ಸದ್ದಾಗಿತ್ತು. ಈಗ ಕೆಲಸದಿಂದ ಬಂದು ಬೀಗ ತೆಗೆದರೆ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ, ಕೆಳಗೆ ನಾನು, ಅಷ್ಟೆ. ಟಿವಿ ಹಾಕುತ್ತೇನೆ, ನೋಡುವುದಿಲ್ಲ. ಒಂದು ದಿನ ಮುಖ ತೊಳೆಯುವಾಗ ಹೊಳೆಯಿತು. ದಿನಕ್ಕೆ ಎಪ್ಪತ್ತು ಎಂಬತ್ತು ಹೆಂಗಸರ ಮೈ ಮುಟ್ಟುವ ನನ್ನನ್ನು, ಅವ್ವ ಹೋದ ಮೇಲೆ ಯಾರೂ ಮುಟ್ಟಿಯೇ ಇಲ್ಲ. ಬಸ್ಸಿನ ನೂಕುನುಗ್ಗಲನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ನಡುವೆ ಒಂದು ದಿನ ಹೈದರಾಬಾದಿನ ವಿಮಾನಕ್ಕೆ ಜನ ಕಮ್ಮಿ ಇದ್ದರು. ಪರದೆ ಸರಿಸಿ ಒಳಗೆ ಬಂದ ಮುದುಕಿಯನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ಚಾಮುಂಡಮ್ಮ. ಹೊಸ ಸೀರೆ, ಹೊಸ ಚಪ್ಪಲಿ, ಕೈಯಲ್ಲಿ ಬೋರ್ಡಿಂಗ್ ಪಾಸು. ಮಗಳು ಪವಿತ್ರಾಳ ಬಾಣಂತನಕ್ಕೆ ಮೂರು ತಿಂಗಳು ಹೈದರಾಬಾದಿಗೆ ಹೋಗುತ್ತಾಳೆ ಅಂತ ಊರಿನಲ್ಲಿ ಕೇಳಿದ್ದೆ. ಬಿಡಲು ಬಂದ ಮಗ ನಿಂಗರಾಜು ಗಾಜಿನ ಆಚೆ ಇನ್ನೂ ನಿಂತಿದ್ದ. ನನ್ನ ಮುಖಕ್ಕೆ ಮಾಸ್ಕು, ತಲೆಗೆ ಟೋಪಿ. ಅವಳಿಗೆ ಗುರುತು ಹತ್ತಲಿಲ್ಲ. ನಾನೂ ಹೇಳಲಿಲ್ಲ. ಪೀಠದ ಮೇಲೆ ನಿಲ್ಲಿ ಮೇಡಂ, ಕೈ ಅಗಲಿಸಿ ಅಂದೆ. ಅವಳನ್ನು ಮೇಡಂ ಅನ್ನುವಾಗ ಒಳಗೊಳಗೇ ಖುಷಿಯಾಗಿದ್ದು ಸುಳ್ಳಲ್ಲ.

ಸೊಂಟದ ಹತ್ತಿರ ಮೆಷಿನ್ನು ಕೂಗಿತು. ಏನಿದೆ ತೆಗೀರಿ ಅಂದೆ. ಚೀಲವನ್ನೆಲ್ಲ ಆಗಲೇ ನೋಡಿದರಲ್ಲ ಅಂತ ಅವಳು ಗೊಣಗಿದಳು. ತಪಾಸಣೆ ಚೀಲಕ್ಕೆ ಮಾತ್ರ, ಸೊಂಟಕ್ಕಲ್ಲ ಅಂದುಕೊಂಡಿದ್ದಳು. ನೆರಿಗೆಯ ಮರೆಯಿಂದ ಕೆಂಪು ಬಟ್ಟೆ ಸುತ್ತಿದ ಏನನ್ನೋ ಎಳೆದು ತೆಗೆದಳು. ನಾನು ಕೈ ಚಾಚಿದೆ.

ಅವಳು ನನ್ನ ಕೈಗೆ ಕೊಡಲಿಲ್ಲ. ಬಗ್ಗಿ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

ನನ್ನ ಬೊಗಸೆ ಗಾಳಿಯಲ್ಲೇ ಉಳಿಯಿತು. ಏಳು ವರ್ಷದವಳ ಬೊಗಸೆ ಅದು. ಬಟ್ಟೆಯ ತುದಿ ಸರಿಸಿದೆ, ಅಲಗು ಕಂಡಿತು. ಇದು ಹೋಗುವ ಹಾಗಿಲ್ಲ ಅಂದೆ. ಅವಳು ಹೆದರಿ, ಎಲೆ ಅಡಿಕೆ ಹಾಕೋದಕ್ಕೆ ಕಣಮ್ಮ, ಬಸ್ಸಿನಲ್ಲಿ ಯಾರೂ ಏನೂ ಅನ್ನುವುದಿಲ್ಲವಲ್ಲ, ಹೊರಗೆ ಮಗ ಇದ್ದಾನೆ, ಅವನ ಕೈಗಾದರೂ ಕೊಟ್ಟುಬಿಡಿ ಅಂತ ಬೇಡಿಕೊಂಡಳು. ಹಾಗೆ ಕೊಡಬಹುದು. ದಿನಕ್ಕೆ ನಾಲ್ಕು ಸಲ ಕೊಡುತ್ತೇವೆ. ಬಿಡಲು ಬಂದವರು ಹೊರಗಿದ್ದರೆ ವಾಪಸ್ ಕಳಿಸಿ ಅಂತ ರೂಲ್ಸೇ ಹೇಳುತ್ತದೆ.

'ಆಗಲ್ಲ,' ಅಂದೆ. 'ಇದು ಬಸ್ಸಲ್ಲ. ಇಲ್ಲಿ ಯಾರ ಮನೆತನವೂ ನಡೆಯಲ್ಲ.'

ಪರದೆಯ ಹೊರಗೆ ಬಿಟ್ಟುಹೋದ ವಸ್ತುಗಳ ಪೆಟ್ಟಿಗೆ ಇದೆ. ಗಾಜಿನಂಥ ಪ್ಲಾಸ್ಟಿಕ್ಕಿನದು, ಮೇಲೆ ಸಣ್ಣ ಕಿಂಡಿ, ಕೆಳಗೆ ಬೀಗ. ಹೋಗಿ ಕಿಂಡಿಯಲ್ಲಿ ಹಾಕಿದೆ. ಕೊಡಲಿಲ್ಲ, ಹಾಕಿದೆ. ಠಣ್ ಅಂತ ಸದ್ದಾಯಿತು. ಮನಸ್ಸಿಗೆ ಒಂಥರಾ ಹಾಯೆನಿಸಿತು.

ಒಳಗೆ ಬಂದರೆ ಅವಳು ಪೀಠದ ಮೇಲೆ ಹಾಗೇ ನಿಂತಿದ್ದಳು. ನನ್ನ ಕಣ್ಣನ್ನೇ ದಿಟ್ಟಿಸುತ್ತಿದ್ದಳು.

'ನೀನು ಮಾದೇವಮ್ಮನ ಮಗಳಲ್ವಾ?' ಅಂದಳು. 'ಸಿಟ್ಟು ಬಂದ್ರೆ ನಿಮ್ಮವ್ವನ ದನಿನೇ ನಿಂಗೆ.'

ನಾನು ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ.

'ಅದು ನಿಮ್ಮವ್ವಂದು ಕಣ್ ಮಗಾ. ಆಸ್ಪತ್ರೆಗೋಗೋ ದಿನ ನನ್ ತಾವ ಇಟ್ಟೋದ್ಲು. ಬಂದ್ಮೇಲೆ ಇಸ್ಕೊತೀನಿ ಅಂದ್ಲು.'

ಪರದೆಯ ಸಂದಿಯಿಂದ ಪೆಟ್ಟಿಗೆ ಕಾಣುತ್ತಿತ್ತು. ಬಿದ್ದ ರಭಸಕ್ಕೆ ಕೆಂಪು ಬಟ್ಟೆ ಬಿಚ್ಚಿಕೊಂಡಿತ್ತು. ಉಗುರು ಕತ್ತರಿಗಳ, ಲೈಟರುಗಳ ನಡುವೆ ತಾಮ್ರದ ತಂತಿ ಸುತ್ತಿದ ಹಿಡಿ ಮಿಣಕ್ ಅಂತು.

ಮೆಷಿನ್ನು ಕೂಗಿದರೆ ಮತ್ತೊಮ್ಮೆ ಕೈಯಿಂದ ಸವರಿ ನೋಡಲೇಬೇಕು. ಏನು ಮಾಡಬೇಕು ಅಂತ ತಿಳಿಯದೆ ನಾನು ಅದನ್ನೇ ಮಾಡಿದೆ. ಭುಜದಿಂದ ತೋಳು, ತೋಳಿಂದ ಬೆನ್ನು. ಮೂಳೆ ಮೂಳೆಯ ಮುದುಕಿ. ಕೈ ಅಗಲಿಸಿ ನಿಂತೇ ಅವಳು ಪಿಸುಮಾತಿನಲ್ಲಿ ಹೇಳುತ್ತಾ ಹೋದಳು. ಕಾಲುವೆ ಪಕ್ಕದ ಹೊಂಗೆ ಮರದ ಕೆಳಗೆ ಒಂದು ಚಪ್ಪಡಿ ಕಲ್ಲು ಇದೆಯಂತೆ. ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಹೋದ ಮೇಲೆ ಇಬ್ಬರೂ ಅಲ್ಲಿ ಕೂರುತ್ತಿದ್ದರಂತೆ. ಅವ್ವ ಅಡಿಕೆ ಒಡೆಯುವುದು, ಇವಳು ಎಲೆಗೆ ಸುಣ್ಣ ಸವರುವುದು. ಗಂಡ ಹೊಡೆದ ದಿನ ಇವಳು ಅತ್ತದ್ದು ಅಲ್ಲಿ, ನನಗೆ ಕೆಲಸ ಸಿಕ್ಕಿದ ದಿನ ಅವ್ವ ಹಾಡು ಹೇಳಿದ್ದು ಅಲ್ಲಿ. ಯಾರಾದರೂ ಬರುವ ಸದ್ದಾದರೆ ಇವಳು ಎದ್ದು ನಿಂತು ಅವ್ವನನ್ನು ಸುಮ್ಮಸುಮ್ಮನೆ ಬೈಯಲು ಶುರು ಮಾಡುತ್ತಿದ್ದಳಂತೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳಂತೆ. ಮನೆಯಲ್ಲಿ ಬಿಟ್ಟು ಹೊರಟರೆ ಸೊಸೆ ಯಾರದು ಇದು ಅಂತ ಕೇಳುತ್ತಾಳೆ, ಅದಕ್ಕೇ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ ಅಂದಳು.

ನಲವತ್ತು ವರ್ಷ. ನನಗೆ ಒಂದು ಮಾತೂ ಗೊತ್ತಿರಲಿಲ್ಲ.

'ಮತ್ತೆ ನನ್ನ ಕೈಗೆ ಯಾಕೆ ಕೊಡ್ಲಿಲ್ಲ?' ಅಂದೆ.

ಅವಳು ಬೆರಗಾಗಿ ನೋಡಿದಳು. 'ಕತ್ತರಿನ ಯಾರಾರೂ ಕೈಗೆ ಕೊಟ್ಟಾರೇನವ್ವ? ಜಗ್ಳ ಬತ್ತದೆ ಅಂತ ನಿಮ್ಮವ್ವನೇ ಅಂತಿದ್ಲು. ನಾವಿಬ್ರೂವೆ ಕಲ್ಮೇಲಿಟ್ಟೇ ತಕ್ಕೊತಿದ್ದೊ.' ಆಮೇಲೆ ಸುಳ್ಳು ಹೇಳಲಾರದವಳಂತೆ ಸೇರಿಸಿದಳು. 'ಮೊದಮೊದ್ಲು ಬ್ಯಾರೆ ಕಾರ್ಣಕ್ಕೇ ಇಟ್ಟಿದ್ನೇನೋ. ಯಾವಾಗಿಂದ ಈ ಕಾರ್ಣ ಆಯ್ತೋ, ನಂಗೇ ಗೊತ್ತಿಲ್ಲ ಕಣ್ ಮಗಾ.'

ನನಗೆ ಗೊತ್ತಿಲ್ಲದ ಪದ್ಧತಿಯೇನಲ್ಲ ಅದು. ಅವ್ವ ಮನೆಯಲ್ಲಿ ಚಾಕುವನ್ನೂ ಕೈಗೆ ಕೊಡುತ್ತಿರಲಿಲ್ಲ, ನೆಲಕ್ಕಿಟ್ಟು ತಗೋ ಅನ್ನುತ್ತಿದ್ದಳು. ನಮ್ಮ ಕಡೆ ಹುಟ್ಟಿದ ಯಾವ ಮಗುವಿಗೂ ಗೊತ್ತಿರುವ ವಿಷಯ. ಆದರೆ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಅದಲ್ಲ, ಒಬ್ಬಟ್ಟು.

ಪೀಠದಿಂದ ಇಳಿದು ಅವಳು ನನ್ನ ಕೆನ್ನೆಯ ಕಡೆಗೆ ಕೈ ಎತ್ತಿದಳು. ಕೈ ಅರ್ಧ ದಾರಿ ಬಂತು, ನಿಂತಿತು. ಪರದೆಯೊಳಗೆ ನಾವಿಬ್ಬರೇ. ನೋಡುವವರು ಯಾರೂ ಇರಲಿಲ್ಲ, ಬೈದು ಮರೆಮಾಚುವ ಅಗತ್ಯವೂ ಇರಲಿಲ್ಲ. ಆದರೂ ನಿಂತಿತು. ನಾನಾದರೂ ಒಂದು ಹೆಜ್ಜೆ ಮುಂದೆ ಬರಬಹುದಿತ್ತು. ಹೊರಗೆ ಯಾರೋ ಹೆಂಗಸು ಬೇಗ ಆಗಲಿ ಅಂದಳು. ಚಾಮುಂಡಮ್ಮ ಆ ಕೈಯಿಂದಲೇ ಸೆರಗು ಸರಿಪಡಿಸಿಕೊಂಡಳು. ನಾನು ಪಾಸಿನ ಮೇಲೆ ಸೀಲು ಒತ್ತಿದೆ.

ವಿಮಾನ ಹೋದ ಮೇಲೆ ಇನ್‌ಚಾರ್ಜ್ ಮಹಾದೇವಸ್ವಾಮಿ ಸಾರ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿ ಪೆಟ್ಟಿಗೆಯ ಬೀಗ ತೆಗೆಸಿ ಅಂತ ಕೇಳಿದೆ. ಒಳ್ಳೆಯ ಮನುಷ್ಯ. ಮಧ್ಯಾಹ್ನ ತಮ್ಮ ಡಬ್ಬಿಯ ಮೊಸರನ್ನ ನನ್ನ ತಟ್ಟೆಗೂ ಬಡಿಸುವವರು. ಪೆಟ್ಟಿಗೆ ತೆಗೆಯುವುದು ತಿಂಗಳ ಒಂದನೇ ತಾರೀಕು, ಮೂರು ಜನರ ಮುಂದೆ. ವಸ್ತುವಿನ ವಾರಸುದಾರರು ಇದ್ದರೆ ಪುಸ್ತಕದಲ್ಲಿ ಹೆಸರು ಬರೆದು ಮೂರು ತಿಂಗಳು ಕಪಾಟಿನಲ್ಲಿ ಇಡಬಹುದು, ಇಲ್ಲದಿದ್ದರೆ ಗುಜರಿಗೆ. ಸಿಬ್ಬಂದಿ ಮಾತ್ರ ತಮ್ಮ ಹೆಸರು ಬರೆದುಕೊಳ್ಳುವ ಹಾಗಿಲ್ಲ. ಬರೆದುಕೊಳ್ಳಬಹುದು ಅಂತಾದರೆ ನಾಳೆ ಪ್ರತಿಯೊಬ್ಬರೂ ಒಂದೊಂದು ಕಥೆ ತರುತ್ತಾರೆ ಅಂದರು. ಈ ಮಾತನ್ನು ಎಷ್ಟೋ ಹೆಂಗಸರಿಗೆ ನಾನೇ ಹೇಳಿದ್ದೆ.

ಒಂದನೇ ತಾರೀಕಿಗೆ ಹನ್ನೆರಡು ದಿನ ಇತ್ತು. ಹನ್ನೆರಡು ದಿನವೂ ಅವ್ವನ ಅಡಕತ್ತರಿ ನನ್ನಿಂದ ನಾಲ್ಕು ಮಾರು ದೂರದಲ್ಲಿ, ಕಣ್ಣಿಗೆ ಕಾಣುತ್ತಾ, ಕೈಗೆ ಸಿಗದೆ ಬಿದ್ದಿತ್ತು. ಮೇಲಿನಿಂದ ಹೊಸ ಕತ್ತರಿಗಳು, ಬ್ಲೇಡುಗಳು ಬಿದ್ದು ನಿಧಾನವಾಗಿ ಮುಚ್ಚಿಹೋಯಿತು. ಬಸ್ಸಿನಲ್ಲಿ ಶಿವಮಲ್ಲಪ್ಪನವರು ಕೈ ಅಗಲಿಸಿದರೆ ನಗು ಬರಲಿಲ್ಲ. ಒಂದು ದಿನ ಪಕ್ಕದ ಸೀಟಿನ ಮುದುಕಿ ಓಡುವ ಬಸ್ಸಿನಲ್ಲೇ ಕಟಕ್ ಅಂತ ಅಡಿಕೆ ಒಡೆದಳು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಬಸ್ಸಿನಲ್ಲಾಗಿದ್ದರೆ ಆ ಅಡಕತ್ತರಿ ಚಾಮುಂಡಮ್ಮನ ಸೊಂಟದಲ್ಲಿ ಅವಳು ಸಾಯುವತನಕ ಹಾಯಾಗಿ ಓಡಾಡಿಕೊಂಡಿರುತ್ತಿತ್ತು. ಹಾಗಂತ ತಪಾಸಣೆಯೇ ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಮೆಷಿನ್ನು ಸರಿಯಾಗಿಯೇ ಕೂಗಿತ್ತು. ಆಮೇಲೆ ಮಾಡಿದ್ದೆಲ್ಲ ನಾನು. ಹೊರಗೆ ನಿಂತ ಮಗನ ಕೈಗೆ ಕೊಡುವುದಕ್ಕೆ ಎರಡು ನಿಮಿಷ ಸಾಕಿತ್ತು.

ಆ ದಿನಗಳಲ್ಲಿ ನನ್ನನ್ನು ಹೆಚ್ಚು ತಿಂದದ್ದು ಇನ್ನೊಂದು ಮಾತು. ಆಸ್ಪತ್ರೆಗೆ ಹೊರಟ ದಿನ ನಾನು ಮನೆಯಲ್ಲೇ ಇದ್ದೆ. ಬಟ್ಟೆ ಜೋಡಿಸಿದ್ದು ನಾನು, ಆಟೊ ಕರೆದದ್ದು ನಾನು. ಅವ್ವ ಹಿತ್ತಲ ಕಡೆ ಹೋಗಿ ಬರುತ್ತೇನೆ ಅಂತ ಅರ್ಧ ಗಂಟೆ ಎಲ್ಲೋ ಹೋಗಿದ್ದಳು. ಅಡಕತ್ತರಿಯನ್ನು ನನಗೆ ಕೊಡಬಹುದಿತ್ತು, ಕೊಡಲಿಲ್ಲ. ಅವಳಿಗೆ ನನಗಿಂತ ಹತ್ತಿರದವರೊಬ್ಬರು ಇದ್ದರು. ಆ ಮಾತು ಒಪ್ಪಿಕೊಳ್ಳುವುದಕ್ಕೆ ನನಗೆ ಹನ್ನೆರಡು ದಿನವೂ ಬೇಕಾಯಿತು.

ಒಂದನೇ ತಾರೀಕು ಪೆಟ್ಟಿಗೆ ತೆಗೆದರು. ಮಹಾದೇವಸ್ವಾಮಿ ಸಾರ್ ಒಂದೊಂದೇ ತೆಗೆದು ಹೇಳುವುದು, ನಾನು ಪುಸ್ತಕದಲ್ಲಿ ಬರೆಯುವುದು. ವಸ್ತು, ಎಷ್ಟು, ವಾರಸುದಾರರು. ಉಗುರು ಕತ್ತರಿ, ಹದಿನಾಲ್ಕು, ಇಲ್ಲ. ಲೈಟರು, ಒಂಬತ್ತು, ಇಲ್ಲ. ತಾಮ್ರದ ಹಿಡಿ ಮೇಲೆ ಬಂದಾಗ ನಾನು ಪೆನ್ನು ಬಿಟ್ಟು ಕೈ ಚಾಚಿದೆ. ಸಾರ್ ಅದನ್ನು ನನ್ನ ಕೈಗೆ ಕೊಡಲಿಲ್ಲ. ಮೇಜಿನ ಮೇಲೆ ಇಟ್ಟು, ನನ್ನ ಕಡೆಗೆ ಮೆಲ್ಲಗೆ ತಳ್ಳಿದರು. ಯೋಚನೆ ಮಾಡಿ ಇಟ್ಟದ್ದಲ್ಲ, ಅಭ್ಯಾಸ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಮೂರನೆಯ ಸಾಕ್ಷಿ ಇನ್ನೂ ಕಾಫಿಯಿಂದ ಬಂದಿರಲಿಲ್ಲ. ನನ್ನ ಪ್ಯಾಂಟಿನ ಜೇಬು ದೊಡ್ಡದು. ಅವರು ಯಾಕೆ ಬೆನ್ನು ತಿರುಗಿಸಿದರು ಅಂತ ನನಗೆ ಗೊತ್ತಿತ್ತು.

ಅಡಕತ್ತರಿ ತಗೊಂಡೆ. ಅಪ್ಪ ಸುತ್ತಿದ ತಂತಿಯ ಮೇಲೆ ಹೆಬ್ಬೆರಳು ಆಡಿಸಿದೆ. ಒಂದು ಸಲ ತೆಗೆದು ಮುಚ್ಚಿದೆ. ಕಟಕ್ ಅಂತು. ಆಮೇಲೆ ಮೇಜಿನ ಮೇಲೆ ವಾಪಸ್ ಇಟ್ಟು ಬರೆದೆ. ಅಡಕತ್ತರಿ, ಒಂದು. ವಾರಸುದಾರರ ಕಾಲಮ್ಮಿನಲ್ಲಿ ಚಾಮುಂಡಮ್ಮ ಅಂತ ಬರೆದು ಊರಿನ ಹೆಸರನ್ನೂ ಬರೆದೆ.

ಸಾರ್ ಬಂದು ಓದಿದರು. ವಾರಸುದಾರರಿಗೂ ವಸ್ತುವಿಗೂ ಏನು ಸಂಬಂಧ ಅಂತ ಬರೆಯಬೇಕಂತೆ. ಯಾರು ಅಂತ ಬರೆಯಲಿ ಅಂತ ನನ್ನನ್ನೇ ಕೇಳಿದರು.

'ನಮ್ಮವ್ವನ ಗೆಳತಿ ಸಾರ್,' ಅಂದೆ.

ಅವರು ಅದನ್ನೇ ಬರೆದು, ಅಡಕತ್ತರಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಅವಳು ಹೈದರಾಬಾದಿನಿಂದ ಬರುವತನಕ ಇರಲಿ ಅಂತ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸಂಜೆ ಎರಡು ಬಸ್ಸು ಹಿಡಿದು ಊರಿಗೆ ಬಂದು, ಬೀಗ ತೆಗೆದು, ದೀಪ ಹಾಕದೆ ಸ್ವಲ್ಪ ಹೊತ್ತು ಕೂತಿದ್ದೆ.